ಬಾಗಿಲಲ್ಲಿ ನಿಂತವರ ಅರ್ಜಿ

ಬೆಳಗಿನ ಆರೂವರೆ. ನ್ಯಾಯಾಲಯದ ಗೇಟು ತೆರೆಯಲು ಇನ್ನೂ ಒಂದು ಗಂಟೆ ಇದೆ. ಎದುರಿನ ಹಿಪ್ಪುನೇರಳೆ ಮರದ ಕೆಳಗೆ ಅರವತ್ತೆರಡರ ನೊಸ್ರತ್ ಖಾನಂ ಮಡಚುವ ಮೇಜು ಬಿಡಿಸಿ, ಕಾಗದ ಹಾರದಂತೆ ಅದರ ಮೇಲೆ ಸಕ್ಕರೆ ಅಚ್ಚು ಒಡೆಯುವ ಇಕ್ಕಳ ಇಡುತ್ತಿದ್ದಾರೆ. ಎದುರಿಗೆ ಕೂತವಳು ದಾಳಿಂಬೆ ಬೆಳೆಯುವ ಬೆಮಾನಿ. ಅವಳ ಮೇಲ್ಮನವಿ ಮೂರು ಸಲ ವಾಪಸ್ ಬಂದಿದೆ. ಗಡುವು ಇವತ್ತಿಗೆ ಮುಗಿಯುತ್ತದೆ.

ಫಾರಸಿ ನಾಡಿನ ಯಜ್ದ್ ಕಡೆಯ ನಮ್ಮ ಊರಿನಲ್ಲಿ ನೊಸ್ರತ್ ಇಪ್ಪತ್ತೊಂಬತ್ತು ವರ್ಷಗಳಿಂದ ಅರ್ಜಿ ಬರೆಯುತ್ತಿದ್ದಾರೆ. ದಿನಕ್ಕೆ ಏಳೆಂಟು, ವಾರ ಶುರುವಾಗುವ ಶನಿವಾರ ಹದಿನೈದು. ಸುರಂಗ ಕಾಲುವೆ ತೋಡುತ್ತಿದ್ದ ಗಂಡ ಮಣ್ಣು ಕುಸಿದು ತೀರಿಕೊಂಡಾಗ ಪರಿಹಾರಕ್ಕೆ ತಾವೇ ಬರೆದದ್ದು ಮೊದಲ ಅರ್ಜಿ. ಅದು ತಿರಸ್ಕೃತವಾಯಿತು. ಕಾನೂನು ಓದಿದವರಲ್ಲ. ಮೇಷ್ಟರಾಗಿದ್ದ ತಂದೆ ಚಳಿಗಾಲದಲ್ಲಿ ಮಕ್ಕಳನ್ನು ಕೆಂಡದ ಸುತ್ತ ಕೂರಿಸಿ ಓದಿ ಹೇಳುತ್ತಿದ್ದ ಹಳೆಯ ಫಾರಸಿ ಕಾವ್ಯಗಳೇ ಅವರ ಪಾಠ.

“ಆ ಕಾವ್ಯಗಳಲ್ಲಿ ಅನ್ಯಾಯ ಆದವನು ಕಾಗದದ ಅಂಗಿ ತೊಟ್ಟು ದೊರೆ ಬಾಗಿಲಿಗೆ ಹೋಗ್ತಾನೆ. ಅವನನ್ನ ನೋಡದೆ ಇರೋಕಾಗಲ್ಲ. ಅರ್ಜಿನೂ ಹಾಗೇ ಕಣ್ಣಿಗೆ ಬೀಳಬೇಕು,” ಎನ್ನುತ್ತಾರೆ.

ಬೆಮಾನಿಗೆ ಹನ್ನೆರಡು ದಿನಕ್ಕೊಮ್ಮೆ ಮೂರು ಗಂಟೆ ಕಾಲುವೆ ನೀರು ಸಲ್ಲಬೇಕು. ಮೇಲಿನ ತೋಟದ ಹಾಜಿ ಯದೊಲ್ಲಾ ಅದನ್ನು ತಿರುಗಿಸಿಕೊಂಡಿದ್ದಾರೆ ಎಂಬುದು ಅವಳ ದೂರು. ಮೊದಲ ವಿಚಾರಣೆಯಲ್ಲಿ ಹಾಜಿಗೆ ಕುರ್ಚಿ, ಚಹಾ ಸಿಕ್ಕಿತು. ಬೆಮಾನಿ ನಲವತ್ತು ನಿಮಿಷ ಬಾಗಿಲಲ್ಲಿ ನಿಂತಿದ್ದಳು. ದೂರು ವಜಾ ಆಯಿತು. ಹಾಜಿಯನ್ನು ಕೇಳಿದರೆ, “ಕುರ್ಚಿ ಕೊಡಿ ಅಂತ ನಾನೇನು ಕೇಳಿರಲಿಲ್ಲ,” ಎನ್ನುತ್ತಾರೆ.

ಮೇಲ್ಮನವಿಯ ಮೊದಲ ಸಾಲಿನಲ್ಲೇ ನೊಸ್ರತ್ ಆ ನಲವತ್ತು ನಿಮಿಷ ಬರೆದಿದ್ದಾರೆ. ಅದರ ಕೆಳಗೆ ಷರೀಯತ್ತಿನ ಹಳೆಯ ನಿಯಮ, ತಂದೆಯ ಕಥೆಗಳಲ್ಲಿ ಸುಲ್ತಾನನೂ ತಲೆಬಾಗಿದ್ದ ನಿಯಮ: ಕಾಜಿ ವಾದಿ, ಪ್ರತಿವಾದಿ ಇಬ್ಬರನ್ನೂ ಸಮನಾಗಿ ಕೂರಿಸಬೇಕು, ಒಬ್ಬನಿಗೆ ಸಲಾಮು ಹೇಳಿದರೆ ಇನ್ನೊಬ್ಬನಿಗೂ ಹೇಳಬೇಕು, ನೋಟದಲ್ಲೂ ಭೇದ ಕೂಡದು. ಮೂರು ಸಲವೂ ನ್ಯಾಯಾಲಯದ ಕಚೇರಿ ತಕರಾರು ತೆಗೆದದ್ದು ಈ ಭಾಗಕ್ಕೇ.

“ಆ ಸಾಲು ತೆಗೆದುಬಿಡಿ ಅಕ್ಕಾ,” ಎನ್ನುತ್ತಾಳೆ ಬೆಮಾನಿ. “ಗಿಡ ಒಣಗ್ತಿದೆ.”

ನೊಸ್ರತ್ ಪೆನ್ನು ಕೆಳಗಿಡುತ್ತಾರೆ. “ಅರ್ಜಿ ನಿಂದು. ತೆಗಿ ಅಂದ್ರೆ ತೆಗೀತೀನಿ. ಆದ್ರೆ ಮುಂದಿನ ಸಲ ಒಳಗೆ ಹೋದಾಗ ಎಲ್ಲಿ ನಿಲ್ತೀಯ, ಅದನ್ನ ಹೇಳು.”

ನೊಸ್ರತ್ ಕೊಟ್ಟಿದ್ದ ಚಹಾವನ್ನು ಬೆಮಾನಿ ಪೂರ್ತಿ ಕುಡಿಯುತ್ತಾಳೆ. “ಇರಲಿ ಬಿಡಿ. ನೋಯ್ತಿರೋ ಮಂಡಿ ನಂದು, ಹಾಜಿದಲ್ಲ. ಇನ್ನೂ ದೊಡ್ಡಕ್ಷರದಲ್ಲಿ ಬರೀರಿ.”

ಏಳೂಮುಕ್ಕಾಲಿಗೆ ಕೌಂಟರಿನಲ್ಲಿ ಗುಮಾಸ್ತ ಹಾಳೆ ಓದಿ ಮುಖ ಗಂಟಿಕ್ಕುತ್ತಾನೆ. “ಮತ್ತೆ ಅದೇನಾ ಖಾನಂ? ಇದು ಕೋರ್ಟು, ಕವಿಗೋಷ್ಠಿ ಅಲ್ಲ.”

“ಕವಿಗಳಿಗೆ ಗೊತ್ತಿದ್ದದ್ದು ಕೋರ್ಟಿಗೆ ಗೊತ್ತಿಲ್ಲ ಅಂದ್ರೆ ತಪ್ಪು ನಂದಾ? ವಾಪಸ್ ಕೊಡೋದಾದ್ರೆ ಕಾರಣ ಬರೆದು ಸಹಿ ಹಾಕಿಕೊಡಪ್ಪ. ‘ನಿಂತಿದ್ದೆ ಅಂತ ನಿಜ ಬರೆದದ್ದಕ್ಕೆ’ ಅಂತ.”

ಸಾಲಿನಲ್ಲಿದ್ದ ಮುದುಕರೊಬ್ಬರು, “ಬರಿ ಮಾರಾಯಾ, ನಿನ್ನ ಅಕ್ಷರಾನೂ ನೋಡೋಣ!” ಎಂದಾಗ ಎಲ್ಲರೂ ನಗುತ್ತಾರೆ. ಗುಮಾಸ್ತ ನಗುವುದಿಲ್ಲ. ಮೊಹರು ಒತ್ತುತ್ತಾನೆ. ವಿಚಾರಣೆ ಹತ್ತೊಂಬತ್ತು ದಿನಗಳ ನಂತರ.

ಹೊರಗೆ ಮೇಜಿನ ಮುಂದೆ ಆಗಲೇ ನಾಲ್ವರು ಕಾಯುತ್ತಿದ್ದಾರೆ. ಬೆಮಾನಿ ಗೆಲ್ಲುತ್ತಾಳೆಯೇ ಎಂದರೆ ನೊಸ್ರತ್ ತಲೆಯೆತ್ತದೆ ಹೊಸ ಹಾಳೆ ತೆಗೆಯುತ್ತಾರೆ.

“ಅದು ನಂಗೆ ಗೊತ್ತಿಲ್ಲ. ಸೋತರೂ ಕೂತ್ಕೊಂಡೇ ಸೋಲ್ತಾಳೆ.”