ಬಾಣಂತಿ ಕೋಣೆಯ ಬ್ಯಾಟರಿ

ಹೊನ್ನಾಳಿಯ ನಮ್ಮ ಮನೆಯಲ್ಲಿ ಬಾಣಂತಿ ಕೋಣೆಗೆ ಕಿಟಕಿ ಒಂದೇ. ಅದಕ್ಕೂ ಕಂಬಳಿ ಕಟ್ಟಿದ್ದೆವು. ಒಳಗೆ ಮಗಳು, ಇಪ್ಪತ್ತು ದಿನದ ಕೂಸು, ಕೆಂಡದ ಬಾಣಲೆ, ನಾನು. ಹೆರಿಗೆ ಸುಸೂತ್ರವಾಯಿತು, ಕೂಸು ಹಾಲು ಹಿಡಿಯಿತು. ಶಿವನ ದಯೆ ಅಂತ ದಿನಾ ಎಣಿಸಿಕೊಳ್ಳುತ್ತಿದ್ದೆ. ಆದರೂ ಮಧ್ಯಾಹ್ನದ ಹೊತ್ತಿಗೆ ನನಗೇ ಉಸಿರು ಕಟ್ಟುತ್ತಿತ್ತು. ಅವಳಿಗೆ ಹೆಂಗಾಗಿರಬೇಡ?

ಅವಳನ್ನು ಕೊಟ್ಟದ್ದು ಜಗಳೂರು ಕಡೆಗೆ. ಅಲ್ಲಿ ಗುಡ್ಡದ ಮೇಲೆ ಗಾಳಿಯಂತ್ರ ತಿರುಗುತ್ತವೆ. ಗಾಳಿ ಇದ್ದಾಗ ಬಂದ ಕರೆಂಟನ್ನು ಕೂಡಿಡುವ ಬ್ಯಾಟರಿಯ ಮೇಲೆ ಅವಳ ಪಿಎಚ್‌ಡಿ. ಎರಡು ಟ್ಯಾಂಕಿನಲ್ಲಿ ಎರಡು ದ್ರಾವಣ, ನಡುವೆ ತೆಳ್ಳನೆಯ ಪರದೆ. ಪಂಪು ಅವನ್ನು ಪರದೆಯ ಆಚೀಚೆ ಹಾಯಿಸುತ್ತದೆ. ದಿನ ಕಳೆದಂತೆ ದ್ರಾವಣ ಪರದೆ ದಾಟಿ ಚೂರುಚೂರೇ ಸೋರುತ್ತದೆ, ತುಂಬಿದಷ್ಟು ಕರೆಂಟು ವಾಪಸು ಬರುವುದಿಲ್ಲ. ಎಷ್ಟು ಕಡಿಮೆಯಾದೀತು ಅಂತ ಮೊದಲೇ ಗಣಿತದಲ್ಲಿ ಹೇಳುವುದು ಅವಳ ಕೆಲಸ.

"ಬ್ಯಾಟ್ರಿನೇ ಇಲ್ಲ, ಬರೀ ಲೆಕ್ಕ ಐತೆ. ಅದಕ್ಕೆ ಹಗಲೆಲ್ಲ ದೀಪ ಬ್ಯಾರೆ," ಅಂತ ನಮ್ಮತ್ತೆ ಅವಳ ಲ್ಯಾಪ್‌ಟಾಪ್ ತೋರಿಸಿ ಆಡಿಕೊಳ್ಳುತ್ತಿದ್ದರು. ಬಾಣಂತಿ ಬೆಳಕು ನೋಡಿದರೆ ಕಣ್ಣು ಹೋಗುತ್ತದೆ ಎನ್ನುವುದು ಅವರ ಮಾತು. ನಾನೂ ಅದನ್ನು ನಂಬಿದವಳೇ.

ಲ್ಯಾಪ್‌ಟಾಪಿನಲ್ಲಿ ಲೆಕ್ಕ ತನ್ನಷ್ಟಕ್ಕೆ ಮೂರು ದಿನ ಓಡಬೇಕಿತ್ತು. ಮುಟ್ಟಬೇಡ ಅಂತ ಮಗಳು ಹೇಳಿದ್ದಳು. ಶುಕ್ರವಾರ ಪೂಜೆ ಮುಗಿಸಿ ವಿಭೂತಿ ಹಚ್ಚಲು ಬಂದೆ. ಅವಳು ನಿದ್ದೆಯಲ್ಲಿದ್ದಳು, ಲ್ಯಾಪ್‌ಟಾಪಿನ ಬೆಳಕು ನೆಟ್ಟಗೆ ಮುಖದ ಮೇಲೆ. ಗುಂಡಿಗಳನ್ನು ಮುಟ್ಟಲಿಲ್ಲ, ದೀಪ ಮರೆಮಾಡಿದ ಹಾಗೆ ಮುಚ್ಚಳ ಮುಚ್ಚಿದೆ, ಅಷ್ಟೆ.

ಮರುದಿನ ಎರೆದುಕೊಂಡು ಬಂದು ಅದನ್ನು ತೆರೆದವಳು ಗೋಡೆ ಕಡೆ ತಿರುಗಿ ಮಲಗಿದಳು. ಮುಚ್ಚಿದ್ದಕ್ಕೆ ಲೆಕ್ಕ ನಿಂತುಬಿಟ್ಟಿತ್ತು. ಅಳಿಸಿಹೋಗಿರಲಿಲ್ಲ, ನಿಂತಲ್ಲೇ ನಿಂತಿತ್ತು. ಅದೂ ಒಂದು ದಯೆಯೇ. ಹಾಗಂತ ಬಾಯಿಬಿಟ್ಟು ಹೇಳುವ ಧೈರ್ಯ ಬರಲಿಲ್ಲ.

"ಸೋಮವಾರ ಗುರುಗಳಿಗೆ ಕಳಿಸದಿದ್ರೆ ಪಿಎಚ್‌ಡಿ ಇನ್ನೊಂದು ವರ್ಷ ಅವ್ವ," ಅಂದಳು. "ಕೂಸು ಕಟ್ಕೊಂಡು ಮತ್ತೆ ಓದಾಕೆ ಯಾರು ಬಿಡ್ತಾರೆ?"

ನಿಂತಲ್ಲಿಂದ ಮತ್ತೆ ಓಡಿಸಿದ ಲೆಕ್ಕ ಪೂರ್ತಿ ಮುಗಿಯುವತನಕ ಕಾಯುವಂತಿರಲಿಲ್ಲ. ತುಂಬಿ ಖಾಲಿ ಮಾಡುವ ಒಂದೊಂದು ಸುತ್ತಿನ ಅಂಕಿ ಬಂದ ಹಾಗೆ, ಮೊದಲೇ ಲ್ಯಾಬಿನ ಪ್ರಯೋಗದಲ್ಲಿ ಸಿಕ್ಕಿ ನೋಟುಬುಕ್ಕಿನಲ್ಲಿ ಬರೆದಿಟ್ಟಿದ್ದ ಅಂಕಿಗೆ ಹೋಲಿಸಬೇಕಿತ್ತು. ಲ್ಯಾಪ್‌ಟಾಪನ್ನು ಅವಳ ಕಣ್ಣಿಗೆ ಬೆಳಕು ಬೀಳದ ಹಾಗೆ ನನ್ನ ಕಡೆ ತಿರುಗಿಸಿಕೊಂಡೆ. ಅವಳು ಕಣ್ಣು ಮುಚ್ಚಿ, ಕಿವಿಗೆ ಕಟ್ಟಿದ ಬಟ್ಟೆಯನ್ನು ಒಂದು ಪಕ್ಕ ಸರಿಸಿ ಮಲಗಿದಳು. ಲ್ಯಾಪ್‌ಟಾಪಿನ ಅಂಕಿ, ನೋಟುಬುಕ್ಕಿನ ಅಂಕಿ, ಎರಡನ್ನೂ ಓದುತ್ತಾ ಹೋದೆ. ಅವಳು ಹೇಳಿದ ವ್ಯತ್ಯಾಸ ಬರೆದುಕೊಂಡೆ.

ಭಾನುವಾರ ಅತ್ತೆ ಬಾಣಂತಿ ಖಾರ ತಂದವರು ಬಾಗಿಲಲ್ಲೇ ನಿಂತರು.

"ನಿನ್ನ ಕಣ್ಣು ಹೋದ್ರೆ?"

"ನಾನೇನು ಬಾಣಂತಿ ಅಲ್ಲಲ್ಲತ್ತೆ."

ಅತ್ತೆ ಕೂಸನ್ನೆತ್ತಿಕೊಂಡು ಮೂಲೆಯಲ್ಲಿ ಕೂತರು.

ಎಂಬತ್ತು ಸುತ್ತಿನವರೆಗೂ ಎರಡೂ ಅಂಕಿ ಹೆಚ್ಚುಕಡಿಮೆ ಒಂದೇ ಬಂದವು. ಆಮೇಲೆ ಬೇರೆಯಾಗತೊಡಗಿದವು. ಓದುವ ನನ್ನ ದನಿ ಇಳಿಯಿತು. ನಾನು ಮುಚ್ಚಳ ಮುಚ್ಚಿದ್ದಕ್ಕೇ ಹಿಂಗಾಯಿತೇನೋ ಅಂತ ಕೇಳಿಯೇಬಿಟ್ಟೆ.

"ಅದಕ್ಕಲ್ಲವ್ವ. ಇದ್ದದ್ದು ಇದ್ದಂಗೆ ಓದು."

ಸೋರಿಕೆಯ ಲೆಕ್ಕ ಎಂಬತ್ತರವರೆಗೆ ಸರಿ, ಆಚೆಗೆ ಬೇರೇನೋ ಕಾರಣವಿದೆ ಅಂತಲೇ ಬರೆಸಿದಳು. ಸೋಮವಾರ ಬೆಳಗ್ಗೆ ಅದೇ ಹೋಯಿತು. ಇಷ್ಟು ಸಾಕು, ಮುಂದಿನದನ್ನು ಬಂದ ಮೇಲೆ ನೋಡೋಣ ಅಂತ ಗುರುಗಳ ಉತ್ತರ ಬಂತು.

ನಲವತ್ತು ದಿನ ತುಂಬಿ ಅವಳು ಹೊರಗೆ ಬರಲು ಇನ್ನೂ ಹದಿನೇಳು ದಿನವಿತ್ತು. ಕಿವಿಯ ಬಟ್ಟೆಯನ್ನು ನಾನೇ ಸರಿಯಾಗಿ ಕಟ್ಟಿ, ಬಾಣಲೆಗೆ ಕೆಂಡ ಹಾಕಿದೆ.