ನನ್ನ ಮನೆಯ ಮುಂದಿನ ಒಂಬತ್ತು ಇಂಚು

ನಾನು ಬ್ಲೌಸ್ ಹೊಲಿಯುವವಳು. ಶಿಕಾರಿಪುರ ಮುಗಿದು ಸೊರಬದ ರಸ್ತೆ ಶುರುವಾಗುವ ಕಡೆ ನಮ್ಮ ಬೀದಿ. ಹದಿಮೂರು ಮನೆ. ನಮ್ಮದರಲ್ಲಿ ಮುಂದಿನ ಕೋಣೆಯಲ್ಲಿ ಮಿಷನ್ನು, ಹಿಂದೆ ಸಂಸಾರ. ನೋಡಿದಷ್ಟು, ಅಳೆದಷ್ಟು ಮಾತ್ರ ಇಲ್ಲಿ ಬರೆಯುತ್ತೇನೆ. ಒಮ್ಮೆ ನಾನು ಅಳೆಯದೆ ಬಿಟ್ಟ ಜಾಗದಿಂದ ಇಡೀ ಬೀದಿ ಸೋಲುವುದರಲ್ಲಿತ್ತು.

ಹೋದ ಮಳೆಗಾಲದ ಒಂದು ಮಧ್ಯಾಹ್ನ ಚರಂಡಿ ಉಕ್ಕಿ ನೀರು ಒಳಗೆ ಬಂತು. ಹೊಸ್ತಿಲು ದಾಟಿತು, ಮಿಷನ್ನಿನ ಪೆಡಲು ಮುಳುಗಿಸಿತು, ಅತ್ತೆಯ ಮಂಚದ ಕೆಳಗೆ ಹೋಯಿತು. ಅತ್ತೆಗೆ ಮೊಣಕಾಲು ನೋವು, ತಾವಾಗಿ ಏಳಲಾರರು. ಅವರ ಕಾಲನ್ನು ಮಂಚದ ಮೇಲೆತ್ತಿಟ್ಟು, ನೀರು ಇಳಿಯುವವರೆಗೆ ಪಕ್ಕದಲ್ಲೇ ನಿಂತಿದ್ದೆ. ಆಮೇಲೆ ಮಂಚದ ಕಾಲಿನ ಮೇಲೆ ಕೆಸರಿನ ಗೆರೆ ಕಂಡಿತು. ಟೇಪು ಹಿಡಿದೆ. ನೆಲದಿಂದ ಹನ್ನೊಂದು ಇಂಚು.

ಅದಾದ ಕೆಲವೇ ತಿಂಗಳಿಗೆ ಬೀದಿಯ ಕೊನೆಯ ತಗ್ಗು ಗದ್ದೆ ಮಾರಾಟವಾಯಿತು. ಅಲ್ಲಿ ಅಂಗಡಿಗಳ ಕಾಂಪ್ಲೆಕ್ಸ್ ಬರುತ್ತದೆ ಎಂದರು. ನಮ್ಮ ನೀರೆಲ್ಲ ಆ ಗದ್ದೆಯ ಕಾಲುವೆ ಹಿಡಿದೇ ಕೆರೆಗೆ ಹೋಗಬೇಕು. ಅವರ ನಕ್ಷೆಯಲ್ಲಿ ಗದ್ದೆಗೆ ಮಣ್ಣು ತುಂಬಿ, ಕಾಲುವೆ ಮುಚ್ಚಿ, ಎರಡಡಿಯ ಪೈಪು ತೋರಿಸಿದ್ದರು. ತಕರಾರು ಇದ್ದವರು ಬರೆದು ಕೊಡಬಹುದು ಎಂದು ಪುರಸಭೆಯಿಂದ ನೋಟಿಸು ಬಂತು.

ಎದುರು ಮನೆಯ ಕಿರಾಣಿ ಅಂಗಡಿಯವರು ಅರ್ಜಿ ಬರೆಯಲು ಕೂತರು. "ನೀರು ಭಾಳ ಬರ್ತೈತಿ ಅಂತ ಬರೆದ್ರೆ ಯಾರ್ ಕೇಳ್ತಾರೆ? ಅಳತೆ ಬೇಕು. ಟೇಪು ನಿಮ್ಮ ಕೊರಳಾಗೇ ಐತಲ್ರೀ ಅಕ್ಕಾರೆ," ಎಂದರು.

ಮರುದಿನ ಬ್ಲೌಸಿನ ಅಳತೆ ಬರೆಯುವ ಪುಸ್ತಕ ಹಿಡಿದು ಹೊರಟೆ. ಒಂದೊಂದು ಮನೆಯ ಮುಂದೆಯೂ ಚರಂಡಿಯ ಅಗಲ, ಆಳ ಬರೆದುಕೊಂಡೆ. ಎಲ್ಲೂ ಇಪ್ಪತ್ತೆಂಟು ಇಂಚಿಗೆ ಕಡಿಮೆ ಅಗಲವಿರಲಿಲ್ಲ. ಗದ್ದೆಯ ಕಾಲುವೆ ಐವತ್ತಾರು. ನನ್ನ ಟೇಪು ಅರವತ್ತು ಇಂಚಿನದು, ನಾಲ್ಕು ಇಂಚು ಉಳಿಯಿತು.

ಹನ್ನೆರಡು ಮನೆ ಅಳೆದೆ. ನಮ್ಮದನ್ನು ಅಳೆಯಲಿಲ್ಲ. ಆಗ ನಮ್ಮ ಮುಂದೆ ಚರಂಡಿ ಕಾಣುತ್ತಲೇ ಇರಲಿಲ್ಲ. ಅತ್ತೆಗೂ ಗಿರಾಕಿಗಳಿಗೂ ಹತ್ತಲು ಸುಲಭವಾಗಲೆಂದು ಅದರೊಳಗೆ ಸಣ್ಣ ಸಿಮೆಂಟ್ ಪೈಪು ಇಡಿಸಿ, ಮೇಲೆ ಅಗಲವಾದ ಮೆಟ್ಟಿಲು ಕಟ್ಟಿಸಿದ್ದೆ. ಮರೆತೆ ಎಂದು ಬರೆದರೆ ಸುಳ್ಳಾಗುತ್ತದೆ. ಆ ದಿನ ಟೇಪು ಹಿಡಿದು ಆ ಮೆಟ್ಟಿಲ ಮೇಲೆ ಎರಡು ಸಲ ನಿಂತಿದ್ದೆ.

ಪುರಸಭೆಯ ಸಭೆಯಲ್ಲಿ ಕಾಂಪ್ಲೆಕ್ಸಿನವರ ಇಂಜಿನಿಯರು ನನ್ನ ಪುಸ್ತಕ ತಿರುವಿ ನಕ್ಕರು.

"ಏನ್ರೀ ಅಕ್ಕಾರೆ, ಚರಂಡಿಗೆ ಬ್ಲೌಸ್ ಹೊಲಿತೀರೇನು?"

"ಬ್ಲೌಸಾದ್ರೆ ಬಿಗಿಯಾದಾಗ ಬಿಚ್ಚಿ ಹೊಲಿಬೌದು ರೀ. ನೀವು ಕಟ್ಟಿದ್ಮೇಲೆ ಬಿಚ್ಚಕ್ಕಾಗಲ್ಲ," ಎಂದೆ. ನಮ್ಮವರೆಲ್ಲ ಗೊಳ್ಳೆಂದು ನಕ್ಕರು.

ಇಂಜಿನಿಯರು ಮೊಬೈಲು ತೆಗೆದು ಪುರಸಭೆಯ ಅಧಿಕಾರಿಯ ಮುಂದೆ ಇಟ್ಟರು. ನನ್ನ ಮೆಟ್ಟಿಲಿನ ಫೋಟೋ. "ಹನ್ನೆರಡು ಮನೆ ಅಳತೆ ಬರೆದಾರೆ ಸರ್. ಹದಿಮೂರನೇದು ಇವರದೇ. ಒಂಬತ್ತು ಇಂಚಿನ ಪೈಪು! ಇದರಾಗೆ ಬೀದಿ ನೀರು ಹೋಗ್ತೈತಿ ಅಂದ್ರೆ ನಮ್ಮ ಎರಡಡಿ ಪೈಪು ಯಾಕ್ ಸಾಲಲ್ಲ?"

ಯಾರೂ ನಗಲಿಲ್ಲ. ಸೋಮವಾರ ಜಾಗಕ್ಕೆ ಬಂದು ನೋಡಿ ತೀರ್ಮಾನ ಮಾಡುತ್ತೇನೆ ಎಂದು ಅಧಿಕಾರಿ ಎದ್ದರು. ದಾರಿಯುದ್ದಕ್ಕೂ ನಮ್ಮವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮನೆಗೆ ಬಂದು ಅತ್ತೆಗೆ ಇದ್ದದ್ದು ಇದ್ದಂತೆ ಹೇಳಿದೆ. ಅವರು ಸೊರಬದ ಕಡೆ ಕುಬಟೂರಿನವರು, ಸುತ್ತಿ ಬಳಸಿ ಮಾತಾಡುವವರಲ್ಲ.

"ನನ್ನ ಮಂಚದ ಹತ್ರ ನೀರು ತಂದದ್ದೂ ಅದೇ ಮೆಟ್ಲೇನೇ?"

"ಹೌದು ಅತ್ತೆ."

"ಮತ್ತೆ ಇನ್ನೂ ಯಾಕೆ ಇಟ್ಕಂಡಿದೀಯ? ಒಡ್ಸು. ನಿನ್ನ ಗಿರಾಕಿಗಳು ಹಲಗೆ ಮೇಲೆ ದಾಟ್ಲಿ, ಬಿದ್ರೆ ಅಳತೆ ಮಲಗಿಸ್ಕಂಡೇ ತಗಾ."

ಭಾನುವಾರ ಬೆಳಿಗ್ಗೆ ತೊಗರ್ಸಿಯ ಗಾರೆ ಕೆಲಸದವರು ಬಂದರು. ಮೆಟ್ಟಿಲು ಕಟ್ಟಿದವರೂ ಅವರೇ. "ಸಣ್ಣ ಪೈಪು ಬ್ಯಾಡ ಅಂತ ಅವತ್ತೇ ಬಡ್ಕೊಂಡೆ. ಇಷ್ಟು ಸಾಕು ಬಿಡ್ರಿ ಅಂದೋರು ನೀವೇ," ಎಂದು ಸುತ್ತಿಗೆ ಎತ್ತಿದರು. ಸದ್ದು ಕೇಳಿ ಅಂಗಡಿಯವರು ಹಾರೆ ತಂದರು, ಪಕ್ಕದ ಮನೆಯವರು ಬುಟ್ಟಿ ತಂದರು. ಊಟದ ಹೊತ್ತಿಗೆ ಪೈಪು ಮೇಲೆ ಬಂತು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಹೂಳು, ಹೂಳಿನ ತುಂಬ ಬಟ್ಟೆಯ ಚೂರು. ಎಲ್ಲ ನನ್ನ ಮಿಷನ್ನಿನ ಕೆಳಗೆ ಬಿದ್ದು, ನಾನೇ ಹೊರಗೆ ಗುಡಿಸಿದ್ದವು. ಯಾವುದು ಯಾರ ಬ್ಲೌಸಿನದು ಎಂದು ಕೂಡ ಗೊತ್ತಾಗುತ್ತಿತ್ತು. ಅವನ್ನು ಒಂದೊಂದಾಗಿ ಆರಿಸಿ ಬುಟ್ಟಿಗೆ ಹಾಕಿದೆ.

ಸೋಮವಾರ ಅಧಿಕಾರಿ ಮೊದಲು ನಮ್ಮ ಮನೆಯ ಮುಂದೆಯೇ ನಿಂತರು. ಟೇಪಿನ ಒಂದು ತುದಿ ನನ್ನ ಕೈಗೆ, ಇನ್ನೊಂದು ತುದಿ ಆ ಇಂಜಿನಿಯರ ಕೈಗೆ ಕೊಟ್ಟರು. "ನೀವೇ ಓದ್ರಿ," ಎಂದರು. ಇಂಜಿನಿಯರು ಬಗ್ಗಿ ಓದಿದರು: "ಇಪ್ಪತ್ತೊಂಬತ್ತು." ಅವರು ಇನ್ನೊಮ್ಮೆ ಎಳೆದು ಹಿಡಿದರು. ಆಗಲೂ ಇಪ್ಪತ್ತೊಂಬತ್ತೇ.

ಗದ್ದೆಗೆ ಹೋಗಿ ಕಾಲುವೆ ಅಳೆದೆವು. ಅಧಿಕಾರಿ ಗ್ರಾಮ ನಕ್ಷೆ ಬಿಡಿಸಿ, ಅದರಲ್ಲಿದ್ದ ಕಾಲುವೆಯ ಗೆರೆಯ ಮೇಲೆ ಬೆರಳಾಡಿಸಿದರು. ಅಲ್ಲೇ ನಿಂತು ಬರೆಸಿದರು: ಕಾಲುವೆ ಇದ್ದಷ್ಟೇ ಅಗಲ ತೆರೆದಿರಬೇಕು, ಪೈಪು ಕೂಡದು, ಕಟ್ಟಡ ಹಿಂದಕ್ಕೆ ಸರಿಯಬೇಕು. ಅಂಗಡಿಯವರು ಹೆಗಲ ಮೇಲಿನ ಟವೆಲು ತೆಗೆದು ಗಾಳಿಯಲ್ಲಿ ಬೀಸಿದರು. ಇಂಜಿನಿಯರು ಟೇಪು ಸುತ್ತಿ ನನ್ನ ಕೈಗೆ ಕೊಟ್ಟು, "ನಮ್ಮ ನಕ್ಷೇನೇ ಬಿಚ್ಚಿ ಹೊಲಿಸ್ಬಿಟ್ರಲ್ರೀ ಅಕ್ಕಾರೆ," ಎಂದರು. ಈ ಸಲ ಅವರೂ ನಮ್ಮ ಜೊತೆ ನಕ್ಕರು.

ಕಾಂಪ್ಲೆಕ್ಸಿನ ಕಂಬಗಳು ಈಗ ಕಾಲುವೆಯಿಂದ ಆಚೆ ಎದ್ದಿವೆ. ಈ ವರ್ಷದ ಮೊದಲ ದೊಡ್ಡ ಮಳೆಯೂ ಮಧ್ಯಾಹ್ನವೇ ಬಂತು. ಹದಿಮೂರು ಮನೆಯವರೂ ಬಾಗಿಲಲ್ಲಿ ನಿಂತು ನೋಡಿದೆವು. ನೀರು ಕೆಂಪಗೆ, ಜೋರಾಗಿ, ಹಲಗೆಯ ಕೆಳಗೇ ಹರಿದು ಕೆರೆಯ ಕಡೆ ತಿರುಗಿತು. ಟೇಪು ಇಳಿಬಿಟ್ಟು ನೋಡಿದೆ. ಚರಂಡಿಯ ಅಂಚಿಗೆ ಇನ್ನೂ ಐದು ಇಂಚು ಇತ್ತು. "ಐದಿಂಚು ಐತ್ರೀ!" ಎಂದು ಕೂಗಿದೆ. ಎದುರಿನಿಂದ ಅಂಗಡಿಯವರು ಶಿಳ್ಳೆ ಹೊಡೆದರು.

ಒಳಗಿನಿಂದ ಅತ್ತೆ ಕೇಳಿದರು, "ಬಂತೇನೇ ನೀರು?"

"ಬಂತು ಅತ್ತೆ. ಹಂಗೇ ಹೋಯ್ತು."

ಅವರು ಮಂಚದ ಅಂಚಿಗೆ ಸರಿದು, ಎರಡೂ ಕಾಲನ್ನು ಒಣನೆಲದ ಮೇಲೆ ಇಳಿಬಿಟ್ಟರು.