ಬಿಟ್ಟಿದೀನಿ ಅಂದ ಮೇಷ್ಟ್ರು

ಪಕ್ಕದ ಖಾಲಿ ಸೈಟಿಗೆ ಇವತ್ತು ಬೆಳಿಗ್ಗೆ ಯಾರೋ ಕಳೆ ಹೊಡೆಯುವ ಮೆಷಿನ್ನು ತಂದಿದ್ದರು. ಪಾರ್ಥೇನಿಯಂ ಗಿಡಗಳನ್ನು ಕೊಚ್ಚುತ್ತಾ ಅದು ಉಗುಳಿದ ನೀಲಿ ಹೊಗೆ ಅಡುಗೆಮನೆಯ ಕಿಟಕಿಯಿಂದ ಒಳಗೆ ಬಂತು. ಪೆಟ್ರೋಲಿಗೆ ಆಯಿಲ್ ಬೆರೆಸಿ ಸುಟ್ಟ ವಾಸನೆ. ಒಗ್ಗರಣೆಗೆ ಇಟ್ಟ ಎಣ್ಣೆ ಕಾದು ಹೊಗೆಯಾಡುತ್ತಿದ್ದರೂ ನಾನು ಕಿಟಕಿ ಬಿಟ್ಟು ಕದಲಲಿಲ್ಲ. ನಮ್ಮ ಪುಟ್ಟ ವಿಮಾನ ಸ್ಟಾರ್ಟ್ ಆಗುವಾಗ ಇದೇ ವಾಸನೆ ಬರುತ್ತಿತ್ತು. ಅದರ ಹಿಂದೆಯೇ ಅದನ್ನು ಹಾರಿಸಲು ಕಲಿಸಿದ ಮೇಷ್ಟ್ರು ನೆನಪಾದರು, ನೆನಪಾದ ಕೂಡಲೇ ಸಿಟ್ಟು ಬಂತು. ತೀರಿಕೊಂಡವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಅನ್ನುತ್ತಾರೆ. ಅನ್ನಲಿ.

ತೊಂಬತ್ತರ ದಶಕದ ಕೊನೆಯಲ್ಲಿ ಶಿವಮೊಗ್ಗದ ನಾಲ್ಕಾರು ಅನುಕೂಲಸ್ಥರು ಸೇರಿ ಒಂದು ಹಾರಾಟದ ಕ್ಲಬ್ ಮಾಡಿದ್ದರು. ಭದ್ರಾವತಿ ರಸ್ತೆಯಿಂದ ಒಳಗೆ ಹೋದರೆ ಒಂದು ಬಂಜರು ಮೈದಾನ, ಅದರ ಮೂಲೆಗೆ ತಗಡಿನ ಶೆಡ್ಡು, ಶೆಡ್ಡಿನೊಳಗೆ ಬಟ್ಟೆಯ ರೆಕ್ಕೆಯ ಒಂದು ಸಣ್ಣ ವಿಮಾನ. ಎರಡೇ ಸೀಟು, ಒಂದರ ಹಿಂದೆ ಒಂದು. ನಾನು ಆಗ ಭದ್ರಾವತಿಯ ನ್ಯೂಟೌನಿನಿಂದ ದಿನಾ ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಬಂದು ಬಿಎಸ್ಸಿ ಓದುತ್ತಿದ್ದೆ. ವಿದ್ಯಾರ್ಥಿಗಳಿಗೆ ಕ್ಲಬ್ಬಿನವರು ಬಿಟ್ಟಿಯಾಗಿ ಕಲಿಸುತ್ತಾರೆ ಎಂದು ಕಾಲೇಜಿನಲ್ಲಿ ಹೇಳಿದಾಗ ಕೈ ಎತ್ತಿದ ಹುಡುಗಿ ನಾನೊಬ್ಬಳೇ. ಆರಿಸಿಕೊಂಡರು. ವಿಮಾನದ ಪಕ್ಕ ನಿಲ್ಲಿಸಿ ಫೋಟೋ ತೆಗೆದರು, ಅದನ್ನು ಕರಪತ್ರದಲ್ಲಿ ಹಾಕಿ ಊರೆಲ್ಲ ಹಂಚಿದರು. ಆ ಫೋಟೋಗಾಗಿಯೇ ನನ್ನನ್ನು ಆರಿಸಿದ್ದು ಎನ್ನುವುದು ನನ್ನನ್ನು ಬಿಟ್ಟು ಎಲ್ಲರಿಗೂ ಗೊತ್ತಿತ್ತು.

ನಮ್ಮ ಕ್ವಾರ್ಟರ್ಸಿನ ಸಾಲಿನಲ್ಲಿ ದೊಡ್ಡ ತಮಾಷೆಯಾಯಿತು. "ವಿಮಾನ ಹಾರಿಸ್ತಾಳಂತೆ! ಕಾಗೆ ಹಾರಿಸ್ತಾಳೆ ಅಷ್ಟೆ" ಎಂದು ನಗುತ್ತಿದ್ದರು. ಗೆಳತಿಯರು ಮಾತ್ರ ನಗಲಿಲ್ಲ. ಅವರಿಗೆಲ್ಲ ಇದ್ದದ್ದು ಒಂದೇ ಪ್ರಶ್ನೆ: "ಮನೇಲಿ ಬಿಡ್ತಾರಾ ನಿನ್ನ?" ಟೈಪಿಂಗ್ ಕ್ಲಾಸಿಗೆ, ಮೈಸೂರಿನ ಟೂರಿಗೆ, ಕೋಟೆಯ ಹತ್ತಿರದ ಗೆಳತಿಯ ಮನೆಗೆ ಹೋಗುವುದಕ್ಕೂ ನಮಗೆಲ್ಲ ಇದೇ ಪ್ರಶ್ನೆ. ಬಿಡುವವರು ಬೇರೆ ಯಾರೋ, ನಾವು ಬಿಡಿಸಿಕೊಳ್ಳುವವರು. ಅಪ್ಪ ಕಬ್ಬಿಣದ ಕಾರ್ಖಾನೆಯ ಕುಲುಮೆಯಲ್ಲಿ ಕೆಲಸ ಮಾಡುತ್ತಿದ್ದರು. ಕೇಳಿದ ಕೂಡಲೇ ರೇಗುತ್ತಾರೆ ಎಂದುಕೊಂಡಿದ್ದೆ. ಅವರು ಎರಡು ದಿನ ಸುಮ್ಮನಿದ್ದು, ಮೂರನೆಯ ದಿನ "ಹೋಗು" ಅಂದುಬಿಟ್ಟರು. ನಾನು ಕಾಲೇಜಿನಲ್ಲೆಲ್ಲ ಅಪ್ಪನನ್ನು ಹೊಗಳಿಕೊಂಡು ತಿರುಗಿದೆ. ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ಮೇಷ್ಟ್ರು ವಾಯುಪಡೆಯಿಂದ ನಿವೃತ್ತರಾಗಿ ಶಿವಮೊಗ್ಗದ ಹೊಸಮನೆ ಬಡಾವಣೆಯಲ್ಲಿ ಮನೆ ಮಾಡಿದ್ದರು. ಕುಳ್ಳನೆಯ ಆಳು, ನೆರೆತ ಕ್ರಾಪು, ಬೇಸಿಗೆಯಲ್ಲೂ ಕುತ್ತಿಗೆಗೆ ಒಂದು ಮಫ್ಲರು. ಬಯ್ಯುವುದರಲ್ಲಿ ಎತ್ತಿದ ಕೈ. ಮೈದಾನದಲ್ಲಿ ಗಾಳಿ ನೋಡಲು ಕಟ್ಟಿದ್ದ ಬಟ್ಟೆಯ ಚೀಲವನ್ನು ಅವರು ನಂಬುತ್ತಿರಲಿಲ್ಲ. ದೂರದಲ್ಲಿ ಕಾಣುತ್ತಿದ್ದ ಭದ್ರಾವತಿಯ ಚಿಮಣಿಗಳನ್ನು ತೋರಿಸಿ, "ಹೊಗೆ ಯಾವ ಕಡೆ ವಾಲಿದೆ ನೋಡು, ಅದೇ ಗಾಳಿ. ಕಾಗದದ ಫ್ಯಾಕ್ಟರಿ ವಾಸನೆ ಇಲ್ಲೀವರೆಗೆ ಬಂತೋ, ಆವತ್ತು ಆ ಕಡೆಗೇ ಮುಖ ಮಾಡಿ ಏರ್ಬೇಕು" ಅನ್ನುತ್ತಿದ್ದರು. ಆ ಹೊಗೆಯ ಅಡಿಯಲ್ಲೇ ಹುಟ್ಟಿದವಳಿಗೆ ಇದನ್ನು ಹೇಳಿಕೊಡಬೇಕೇ? ಯಾವ ಹೊತ್ತಿಗೆ ಅಂಗಳದ ಬಟ್ಟೆ ಒಳಗೆ ತರಬೇಕು ಎಂದು ನಮ್ಮ ಸಾಲಿನ ಹೆಂಗಸರೆಲ್ಲ ಆ ಹೊಗೆ ನೋಡಿಯೇ ಹೇಳುತ್ತಿದ್ದರು. ಅವರು ಬಾಯಿ ತೆರೆಯುವ ಮೊದಲೇ ನಾನು ಗಾಳಿ ಹೇಳುತ್ತಿದ್ದುದನ್ನು ಕಂಡು ಮೇಷ್ಟ್ರು ಖುಷಿಯಿಂದ ತಲೆಯ ಮೇಲೊಂದು ಕುಟ್ಟಿದ್ದರು...

ಕಲಿಸುವಾಗ ನಾನು ಮುಂದೆ, ಅವರು ಹಿಂದೆ. ಇಬ್ಬರ ಮುಂದೆಯೂ ವಿಮಾನ ನಡೆಸುವ ಒಂದೊಂದು ಸ್ಟಿಕ್ಕು, ಎರಡಕ್ಕೂ ಒಳಗಿನಿಂದ ಒಂದೇ ಕೊಂಡಿ. ಒಂದನ್ನು ಅಲ್ಲಾಡಿಸಿದರೆ ಇನ್ನೊಂದೂ ಅಲ್ಲಾಡುತ್ತದೆ. "ಕೋಳಿಮರಿ ಹಿಡಿದ ಹಾಗೆ ಹಿಡ್ಕೋ ಮಾರಾಯ್ತಿ, ರೊಟ್ಟಿ ಹಿಟ್ಟು ನಾದೋ ಹಾಗಲ್ಲ!" ಎಂದು ಹಿಂದಿನಿಂದ ಕಿವಿಗೆ ಬಾಗಿ ಕೂಗುತ್ತಿದ್ದರು. ಎಂಜಿನ್ನಿನ ಗದ್ದಲದಲ್ಲಿ ಕೂಗದೆ ಬೇರೆ ದಾರಿಯಿರಲಿಲ್ಲ. ಹೀಗೇ ಒಂದು ಭಾನುವಾರ ಭದ್ರಾ ನದಿಯ ಮೇಲೆ ತಿರುಗುವಾಗ ಅವರು ಕೂಗಿದರು: "ಬಿಟ್ಟಿದೀನಿ! ನಾನು ಕೈ ಬಿಟ್ಟಿದೀನಿ! ನೀನೇ ಹಾರಿಸ್ತಾ ಇದೀಯಾ!"

ಸೈಕಲ್ ಕಲಿತವರಿಗೆಲ್ಲ ಗೊತ್ತು. ಹಿಂದೆ ಕ್ಯಾರಿಯರ್ ಹಿಡಿದು ಓಡುವವರು ಯಾವಾಗಲೋ ಕೈ ಬಿಟ್ಟಿರುತ್ತಾರೆ, ನಾವು "ಬಿಡಬೇಡಿ, ಬಿಡಬೇಡಿ" ಎಂದು ಅರಚುತ್ತಿದ್ದರೆ "ಬಿಟ್ಟಿಲ್ಲ, ಬಿಟ್ಟಿಲ್ಲ" ಎಂದು ದೂರದಿಂದ ಸುಳ್ಳು ಹೇಳುತ್ತಿರುತ್ತಾರೆ. ಅಂಥ ಸುಳ್ಳಿಗೆ ಯಾರೂ ಸಿಟ್ಟಾಗುವುದಿಲ್ಲ. ಇವರು ಬಿಟ್ಟಿದೀನಿ ಎಂದೇ ಹೇಳಿದರಲ್ಲ ಎಂದು ನಾನು ಹಿಗ್ಗಿದೆ. ಕೆಳಗೆ ನಮ್ಮ ನ್ಯೂಟೌನಿನ ಸಾಲುಮನೆಗಳು, ಹಳೇ ಸೇತುವೆ, ಬಟ್ಟೆ ಒಗೆಯುವ ಹೆಂಗಸರು. ಅವೆಲ್ಲದರ ಮೇಲೆ ವಿಮಾನವನ್ನು ದಾಟಿಸಿಕೊಂಡು ಹೋಗುತ್ತಿರುವುದು ನನ್ನ ಕೈ. ಅಷ್ಟು ಸಂತೋಷ ನನಗೆ ಆಮೇಲೆ ಯಾವತ್ತೂ ಆಗಿಲ್ಲ, ಮದುವೆಯ ದಿನವೂ ಆಗಿಲ್ಲ, ಹೆರಿಗೆಯ ದಿನವೂ ಇಲ್ಲ.

ಆಮೇಲೆ ನನಗೆ ಬೇಕಾಗಿದ್ದದ್ದು ಒಂದೇ. ಹಿಂದಿನ ಸೀಟು ಖಾಲಿ ಇಟ್ಟುಕೊಂಡು ಒಂದೇ ಒಂದು ಸಲ, ಒಬ್ಬಳೇ, ಏರಿ ಇಳಿಯಬೇಕು. ಸೋಲೋ ಅನ್ನುತ್ತಿದ್ದರು ಅದಕ್ಕೆ. ಅದಾಗುವ ತನಕ ವಿಮಾನ ಕಲಿಯುತ್ತಿದ್ದಾಳೆ, ಆದ ಮೇಲೆ ವಿಮಾನ ಹಾರಿಸುತ್ತಾಳೆ. ಅಷ್ಟೇ ವ್ಯತ್ಯಾಸ, ಆದರೆ ಆಕಾಶದಷ್ಟು ವ್ಯತ್ಯಾಸ.

ನನಗಿಂತ ಎಷ್ಟೋ ತಡವಾಗಿ ಸೇರಿದ್ದ ಒಬ್ಬ ಅಡಿಕೆ ಮಂಡಿ ಸಾಹುಕಾರರ ಮಗನಿದ್ದ. ಒಳ್ಳೆಯ ಹುಡುಗನೇ, ಆದರೆ ಇಳಿಸುವಾಗ ವಿಮಾನವನ್ನು ಕಪ್ಪೆಯ ಹಾಗೆ ಕುಣಿಸುತ್ತಿದ್ದ. ಮೇಷ್ಟ್ರು ಅವನನ್ನು ಸೋಲೋ ಬಿಟ್ಟರು. ಅವನು ಮೂರು ಸಲ ಪುಟಿದು ಹೇಗೋ ಇಳಿದ. ಮೊದಲ ಸೋಲೋ ಆದವರ ತಲೆಗೆ ಒಂದು ಬಕೆಟ್ ನೀರು ಸುರಿಯುವುದು ರೂಢಿ. ಎಲ್ಲರೂ ಕುಣಿದರು, ಹಾರ ಹಾಕಿದರು, ಕೇಸರಿಬಾತು ಹಂಚಿದರು. ಬೋರ್‌ವೆಲ್ಲಿನಿಂದ ಆ ಬಕೆಟ್ ತುಂಬಿಸಿಕೊಂಡು ಬಾ ಎಂದು ಕಳಿಸಿದ್ದು ಯಾರನ್ನು? ನನ್ನನ್ನು.

ಮುಂದಿನ ವಾರ ನನ್ನ ಸರದಿ ಎಂದುಕೊಂಡೆ. "ಗಾಳಿ ಸರಿ ಇಲ್ಲ" ಅಂದರು. ಅದರ ಮುಂದಿನ ವಾರವೂ ಅದೇ ಮಾತು. ಮೂಗಿಗೆ ತುಪ್ಪ ಸವರುತ್ತಲೇ ಬಂದರು. ಒಂದು ಭಾನುವಾರ ಚಿಮಣಿಗಳ ಹೊಗೆ ಅಡಿಕೆ ಮರದ ಹಾಗೆ ನೆಟ್ಟಗೆ ನಿಂತಿತ್ತು, ಮೈದಾನದಲ್ಲಿ ಹುಲ್ಲೆಸಳು ಅಲ್ಲಾಡುತ್ತಿರಲಿಲ್ಲ, ಆಗಲೂ ಮೇಷ್ಟ್ರು ಆಕಾಶ ನೋಡಿ "ಗಾಳಿ ಜಾಸ್ತಿ ಇದೆ ಮಾರಾಯ್ತಿ" ಅಂದರು. ಬೇರೆ ಯಾರಿಗಾದರೂ ಹೇಳಿದ್ದರೆ ನಡೆಯುತ್ತಿತ್ತೇನೋ. ಭದ್ರಾವತಿಯ ಹುಡುಗಿಗೆ ಗಾಳಿಯ ವಿಷಯದಲ್ಲಿ ಸುಳ್ಳು ಹೇಳುವುದೇ?

ಮನೆಗೆ ಬಂದು ಚಪ್ಪಲಿ ಎಸೆದು ಅಮ್ಮನ ಮುಂದೆ ಕೂಗಾಡಿದೆ. ಅಮ್ಮ ಅವರೆಕಾಳು ಬಿಡಿಸುತ್ತಿದ್ದವಳು ತಲೆ ಎತ್ತದೆ, "ಅವರೇನು ಮಾಡ್ತಾರೆ ಪಾಪ, ನಿಮ್ಮಪ್ಪಂಗೆ ಮಾತು ಕೊಟ್ಟಿದಾರೆ" ಅಂದಳು. ಅಂದ ಮೇಲೆ ನಾಲಿಗೆ ಕಚ್ಚಿಕೊಂಡಳು, ಆದರೆ ನಾನು ಬಿಡಲಿಲ್ಲ. ಅಪ್ಪ ನನಗೆ "ಹೋಗು" ಅನ್ನುವ ಮೊದಲು ಬಾಳೆಹಣ್ಣಿನ ಚಿಪ್ಪು ಹಿಡಿದುಕೊಂಡು ಹೊಸಮನೆಗೆ ಹೋಗಿ ಬಂದಿದ್ದರಂತೆ. "ಹೆಣ್ಣುಮಗು ಸಾರ್, ಎಷ್ಟು ಬೇಕಾದ್ರೂ ಕಲಿಸಿ, ಒಬ್ಬಳನ್ನೇ ಮಾತ್ರ ಬಿಡಬೇಡಿ" ಅಂದಿದ್ದರಂತೆ. ಅದಕ್ಕೆ ಮೇಷ್ಟ್ರು, "ಬಿಡಲ್ಲ, ನೀವು ನಿಶ್ಚಿಂತೆಯಾಗಿರಿ. ಅವಳು ಮೇಲಿರೋವಷ್ಟು ಹೊತ್ತೂ ನನ್ನ ಕೈ ಸ್ಟಿಕ್ ಮೇಲೇ ಇರುತ್ತೆ" ಎಂದು ಮಾತು ಕೊಟ್ಟಿದ್ದರಂತೆ.

ಬಸ್ಸಿನಲ್ಲಿ ಶಿವಮೊಗ್ಗಕ್ಕೆ ನನ್ನನ್ನು ದಿನಾ ಒಬ್ಬಳನ್ನೇ ಕಳಿಸುತ್ತಿದ್ದ ಅಪ್ಪ! ಬಸ್ಸಿನಲ್ಲಿ ಏನೇನು ಸಹಿಸಬೇಕು ಎಂದು ಅವರು ಒಂದು ದಿನವೂ ಕೇಳಿದವರಲ್ಲ. ಮುಟ್ಟುವವರು, ಚಿವುಟುವವರು ಯಾರೂ ಇಲ್ಲದ ಜಾಗ ಎಂದರೆ ಆಕಾಶವೊಂದೇ ಆಗಿತ್ತು. ಅಲ್ಲಿಗೆ ಮಾತ್ರ ಒಬ್ಬಳನ್ನೇ ಬಿಡಕೂಡದು.

ಮಾರನೆಯ ದಿನ ಕಾಲೇಜಿಗೆ ಚಕ್ಕರ್ ಹೊಡೆದು ಹೊಸಮನೆಗೆ ಹೋದೆ. ಮೇಷ್ಟ್ರು ವರಾಂಡದಲ್ಲಿ ಪೇಪರ್ ಓದುತ್ತಿದ್ದರು. ಅವರ ಹೆಂಡತಿ ಕಾಫಿ ತಂದಿಟ್ಟು ಒಳಗೆ ಹೋದರು. ನಾನು ನೇರವಾಗಿ ಕೇಳಿದೆ.

"ಸಾರ್, ನನಗೆ ಹಾರಿಸೋಕೆ ಬರುತ್ತೋ ಇಲ್ವೋ?"

"ಕ್ಲಬ್ಬಲ್ಲಿ ನಿನ್ನಷ್ಟು ಚೆನ್ನಾಗಿ ಯಾರಿಗೂ ಬರಲ್ಲ ಮಗಾ."

"ನಮ್ಮಪ್ಪಂಗೆ ಕೈ ಬಿಡೋದೇ ಇಲ್ಲ ಅಂದಿದೀರಿ. ನನಗೆ ಬಿಟ್ಟಿದೀನಿ ಅಂದ್ರಿ. ಇಬ್ಬರಲ್ಲಿ ಯಾರಿಗೆ ಸುಳ್ಳು ಹೇಳಿದ್ರಿ ಸಾರ್?"

ಅವರು ಮಫ್ಲರನ್ನು ಬಿಚ್ಚಿ ಮತ್ತೆ ಸುತ್ತಿಕೊಂಡರು. ಕಡೆಗೆ, "ನಂಗೂ ಮಗಳಿದಾಳಮ್ಮ" ಅಂದರು. ಅದು ಉತ್ತರವೇ? ಮಗಳಿದ್ದರೆ ಇದ್ದಾಳೆ, ಅವಳಿಗೂ ಇದೇ ಕಥೆ ಆಗಿರಬೇಕು ಪಾಪ ಎಂದು ಮನಸ್ಸಿನಲ್ಲೇ ಅಂದುಕೊಂಡೆ. "ಹಾರೋದು ನಾನು ಸಾರ್, ಮಾತು ನನಗೆ ಕೊಡಬೇಕಿತ್ತು" ಎಂದು ಹೇಳಿ ಕಾಫಿ ಕುಡಿಯದೆ ಎದ್ದು ಬಂದೆ.

ಮತ್ತೆ ಮೈದಾನದ ಕಡೆ ತಲೆ ಹಾಕುವುದಿಲ್ಲ ಎಂದು ಶಪಥ ಮಾಡಿದ್ದೆ. ಆದರೂ ಭಾನುವಾರ ಹೋದೆ. ಆಸೆ ನಾಚಿಕೆಗೆಟ್ಟದ್ದು. ಮಳೆಗಾಲ ಶುರುವಾಗುವುದರಲ್ಲಿತ್ತು, ಆಮೇಲೆ ನಾಲ್ಕು ತಿಂಗಳು ಮೈದಾನ ಕೆಸರು. ಮೇಷ್ಟ್ರು ಹಿಂದೆ ಹತ್ತಿ ಕೂತರು. ಏರಿದೆವು. ನದಿಯ ಮೇಲೆ ತಿರುಗಿದೆ, ಪಟ್ಟಣವನ್ನು ಒಂದು ಸುತ್ತು ಹಾಕಿದೆ. ಹಿಂದಿನಿಂದ ಬೈಗುಳವಿಲ್ಲ, ಕೋಳಿಮರಿಯಿಲ್ಲ, ಏನೂ ಇಲ್ಲ. ನಾನೇ ಕತ್ತು ಹೊರಳಿಸಿ ಕೂಗಿದೆ: "ಬಿಟ್ಟಿದೀರಾ ಸಾರ್?" ಉತ್ತರ ಬರಲಿಲ್ಲ. ಕೇಳಿಸಲಿಲ್ಲವೋ, ಕೇಳಿಸಿಯೂ ಸುಮ್ಮನಿದ್ದರೋ... ಮತ್ತೊಮ್ಮೆ ಕೂಗಿದೆ. ಗಾಳಿ ಬಾಯಿಯಿಂದ ಮಾತು ಕಿತ್ತುಕೊಂಡು ಹೋಯಿತು. ಮೈದಾನ ಎದುರಿಗೆ ಬಂತು, ಇಳಿಸಿದೆ. ಚಕ್ರ ನೆಲ ಮುಟ್ಟಿದ್ದೇ ತಿಳಿಯದಷ್ಟು ಮೆತ್ತಗೆ ಇಳಿಯಿತು. ಅದು ನನ್ನ ಕೈಯೋ, ನಮ್ಮಿಬ್ಬರ ಕೈಯೋ, ದೇವರಾಣೆ ನನಗೆ ಗೊತ್ತಾಗಲಿಲ್ಲ. ಮೇಷ್ಟ್ರು ಇಳಿದವರು ತಿರುಗಿಯೂ ನೋಡದೆ ಶೆಡ್ಡಿನ ಕಡೆ ನಡೆದರು.

ಮಳೆಗಾಲ ಮುಗಿಯುವ ಹೊತ್ತಿಗೆ ಕ್ಲಬ್ಬಿನವರ ಉತ್ಸಾಹವೂ ಮುಗಿದಿತ್ತು. ವಿಮಾನವನ್ನು ಬೇರೆ ಊರಿನವರಿಗೆ ಮಾರಿದರು. ನನ್ನ ಓದು ಮುಗಿಯಿತು, ಬಿಎಡ್ ಆಯಿತು, ಮದುವೆಯಾಯಿತು, ಶಿವಮೊಗ್ಗದಲ್ಲೇ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಹೇಳಿಕೊಡುವ ಕೆಲಸ ಸಿಕ್ಕಿತು. ಹೊಸಮನೆ ನಮ್ಮ ಮನೆಯಿಂದ ದೂರವೇನಲ್ಲ. ಮೇಷ್ಟ್ರು ಆಗೊಮ್ಮೆ ಈಗೊಮ್ಮೆ ತರಕಾರಿ ಚೀಲ ಹಿಡಿದುಕೊಂಡು ಎದುರಿಗೆ ಸಿಗುತ್ತಿದ್ದರು. ನಮಸ್ಕಾರ ಸಾರ್ ಎಂದು ಮುಂದೆ ಹೋಗುತ್ತಿದ್ದೆ. ಅವರೂ ತಲೆ ಅಲ್ಲಾಡಿಸಿ ಒಂದು ಗಳಿಗೆ ನಿಲ್ಲುತ್ತಿದ್ದರು. ಕೇಳಿದ ಪ್ರಶ್ನೆಗೆ ಉತ್ತರ ಬರಬೇಕಾದದ್ದು ಅವರಿಂದ, ಅವರೇ ಬಾಯಿ ತೆರೆಯಲಿ ಎಂದು ನಾನು ಹಟ ಹಿಡಿದಿದ್ದೆ.

ಹೋದ ತಿಂಗಳು ಅವರು ತೀರಿಕೊಂಡರು. ವೈಕುಂಠ ಸಮಾರಾಧನೆಯ ಊಟಕ್ಕೆ ನಾನೂ ಅಪ್ಪನೂ ಹೋಗಿದ್ದೆವು. ಅಪ್ಪ ಈಗ ನಮ್ಮ ಜೊತೆಯಲ್ಲೇ ಇದ್ದಾರೆ. ಪಂಕ್ತಿಯಲ್ಲಿ ಪಕ್ಕದವರು ನೀವು ಇವರಿಗೆ ಹೇಗೆ ಪರಿಚಯ ಎಂದು ಕೇಳಿದರು. ಅಪ್ಪ ಎಲೆಗೆ ನೀರು ಚಿಮುಕಿಸುತ್ತಾ, "ನನ್ನ ಮಗಳು ಇವರ ಹತ್ರಾನೇ ವಿಮಾನ ಕಲಿತಿದ್ದು. ಒಬ್ಬಳೇ ಹಾರಿಸೋಳು!" ಅಂದರು. ಎದೆಯುಬ್ಬಿಸಿ ಅಂದರು.

ನನಗೆ ತಡೆಯಲಾಗಲಿಲ್ಲ. ಎಷ್ಟೋ ವರ್ಷದ್ದು ಒಟ್ಟಿಗೆ ಬಂತು. "ಸುಳ್ಳು ಹೇಳಬೇಡಿ ಅಪ್ಪ. ಎಲ್ಲಿ ಹಾರಿಸಿದೆ? ನೀವು ಬಿಡಲಿಲ್ಲ, ಅವರೂ ಬಿಡಲಿಲ್ಲ" ಅಂದೆ. ದನಿ ಏರಿತ್ತು. ಬಡಿಸುವವರು ಸೌಟು ಹಿಡಿದು ನಿಂತರು.

ಅಪ್ಪ ಗಲಿಬಿಲಿಯಾಗಿ ನನ್ನ ಮುಖ ನೋಡಿದರು. "ಸುಳ್ಳೇನೇ? ಅವರೇ ಹೇಳಿದ್ರಲ್ಲೇ ನಂಗೆ. ನಿನ್ನ ಮದುವೆಗೆ ಮುಂಚೆ ಒಂದಿನ ಬಸ್ ಸ್ಟ್ಯಾಂಡಲ್ಲಿ ಸಿಕ್ಕಿದ್ರು. ಕಡೇ ಭಾನುವಾರ ನಾನು ಎರಡು ಕೈಯನ್ನೂ ಕಂಕುಳಲ್ಲಿ ಇಟ್ಕೊಂಡು ಕೂತಿದ್ದೆ, ಏರಿಸಿದ್ದೂ ಅವಳೇ, ಇಳಿಸಿದ್ದೂ ಅವಳೇ, ನಿಮಗೆ ಕೊಟ್ಟ ಮಾತು ಮುರಿದೆ, ಕ್ಷಮಿಸಿ ಅಂತ ನನ್ನ ಕೈ ಹಿಡ್ಕೊಂಡ್ರು."

"ನನಗ್ಯಾಕೆ ಹೇಳಲಿಲ್ಲ ನೀವು?"

"ನಿಂಗೆ ಗೊತ್ತೇ ಇರುತ್ತೆ ಅಂದ್ಕೊಂಡೆ. ಹಾರಿಸಿದವಳು ನೀನಲ್ವಾ" ಅಂದು ಅಪ್ಪ ಅನ್ನಕ್ಕೆ ಸಾರು ಹಾಕಿಸಿಕೊಂಡರು.

ಕ್ಷಮೆಯನ್ನೂ ಅಪ್ಪನ ಹತ್ತಿರವೇ ಕೇಳಿದರು ನೋಡಿ! ನಾನು ಹಾರಿದ ಸುದ್ದಿ ಇಬ್ಬರು ಗಂಡಸರ ನಡುವೆ ಬಸ್ ಸ್ಟ್ಯಾಂಡಿನಲ್ಲಿ ಕೈಬದಲಾಯಿಸಿ, ಅಲ್ಲಿಯೇ ಉಳಿದುಬಿಟ್ಟಿತ್ತು. ಆಮೇಲೆ ಎಷ್ಟು ಸಲ ಆ ಮನುಷ್ಯ ತರಕಾರಿ ಚೀಲ ಹಿಡಿದು ನನ್ನೆದುರು ನಿಂತಿದ್ದರು. ಒಂದೇ ಒಂದು ಮಾತು, "ಬಿಟ್ಟಿದ್ದೆ ಮಗಾ" ಎಂದು ನನ್ನ ಮುಖ ನೋಡಿ ಹೇಳಲು ಆಗದೇ ಹೋಯಿತೇ? ಈಗಲೂ ಪೂರ್ತಿ ನಂಬಲಾರೆ. ಅಪ್ಪನಿಗೊಂದು, ನನಗೊಂದು ಹೇಳುತ್ತಿದ್ದವರು ಅವರು.

ಒಲೆ ಆರಿಸಿದ್ದೇನೆ, ಎಣ್ಣೆ ಕರಕಲಾಗಿದೆ. ಹೊಸಮನೆಗೆ ಹೋಗಿ ಆ ವರಾಂಡದಲ್ಲಿ ಕೂತು ಸಾರ್ ಜೊತೆ ಚೆನ್ನಾಗಿ ಜಗಳವಾಡಬೇಕು ಅನ್ನಿಸುತ್ತಿದೆ. ಅವರು ಬಯ್ಯಬೇಕು, ನಾನು ಅಳಬೇಕು, ಕೊಟ್ಟ ಕಾಫಿಯನ್ನು ಈ ಸಲ ಕುಡಿಯಬೇಕು. ಒಬ್ಬಳೇ ಹಾರಿದ್ದೆನೋ ಇಲ್ಲವೋ ಎಂದು ಹೇಳಬಲ್ಲವರು ಅವರೊಬ್ಬರೇ ಇದ್ದರು.